ಒಬ್ಬಳ ಮಾತನ್ನು ದಾಖಲಿಸಲು ಬೇಕಾದ ಅನುಮತಿಗಳು

ಸಮಾಜಶಾಸ್ತ್ರ, ಮಾನವಶಾಸ್ತ್ರ ಅಥವಾ ಶಿಕ್ಷಣಶಾಸ್ತ್ರ ಓದಲು ಅಮೆರಿಕಕ್ಕೆ ಬರುವ ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ಮೊದಲ ವರ್ಷದಲ್ಲಿ ಯಾರೂ ಒತ್ತಿ ಹೇಳದ ವಿಷಯವೊಂದಿದೆ. ಪ್ರಬಂಧಕ್ಕಾಗಿ ಇನ್ನೊಬ್ಬರ ಎದುರು ಕುಳಿತು ನಾಲ್ಕು ಪ್ರಶ್ನೆ ಕೇಳಬೇಕಾದರೂ ವಿಶ್ವವಿದ್ಯಾಲಯದ ಸಾಂಸ್ಥಿಕ ಪರಿಶೀಲನಾ ಮಂಡಳಿಯಿಂದ, ಅಂದರೆ ಎಲ್ಲರೂ ಐಆರ್‌ಬಿ ಎಂದು ಕರೆಯುವ ಸಮಿತಿಯಿಂದ, ಮೊದಲೇ ಲಿಖಿತ ಅನುಮತಿ ಪಡೆದಿರಬೇಕು. ನನ್ನ ಪ್ರಬಂಧದ ವಿಷಯ ಕೇಳುವುದಕ್ಕೆ ತೀರ ಸಾಧುವಾದದ್ದು: ದಕ್ಷಿಣ ಟೆಕ್ಸಾಸ್‌ನಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿರುವ ಲ್ಯಾಟಿನಾ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ವಿದ್ಯಾರ್ಥಿನಿಯರು ದಿನನಿತ್ಯದ ಬದುಕು, ಊಟ, ಹಬ್ಬ, ಮನೆ, ಭಾಷೆಗಳ ಬಗ್ಗೆ ಏನು ಯೋಚಿಸುತ್ತಾರೆ ಎಂಬುದು. ಹಲವರೊಡನೆ ಮಾತನಾಡಿದೆನಾದರೂ ಕೊನೆಗೆ ಸ್ಯಾನ್ ಆಂಟೋನಿಯೊದಲ್ಲಿ ಬೆಳೆದ, ಇತಿಹಾಸ ವಿಭಾಗದಲ್ಲಿ ಪಿಎಚ್‌.ಡಿ. ಮಾಡುತ್ತಿರುವ ಒಬ್ಬಳ ಮಾತುಗಳೇ ಪ್ರಬಂಧದ ಬೆನ್ನೆಲುಬಾದವು. ಆಕೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಒಪ್ಪಿಗೆ ಪತ್ರದಲ್ಲಿ ಹಾಗೆಂದು ಮಾತು ಕೊಟ್ಟಿದ್ದೇನೆ. ಇಲ್ಲಿ ಬರೆದಿರುವ ಅಭಿಪ್ರಾಯಗಳನ್ನು ಬರೆಯಲು ಆಕೆ ಒಪ್ಪಿದ್ದಾಳೆ. ಕಡತ ಈಗಷ್ಟೇ ಮುಚ್ಚಿದೆ, ಎಲ್ಲವೂ ನೆನಪಿನಲ್ಲಿರುವಾಗಲೇ ಬರೆದಿಡುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ತರಬೇತಿ. ಹೆಚ್ಚಿನ ವಿಶ್ವವಿದ್ಯಾಲಯಗಳು ಸಿಐಟಿಐ ಎಂಬ ಸಂಶೋಧನಾ ನೈತಿಕತೆಯ ಆನ್‌ಲೈನ್ ಕೋರ್ಸನ್ನು ಕಡ್ಡಾಯ ಮಾಡಿವೆ. ಪಾಠ ಓದಿ, ಪ್ರತಿ ಅಧ್ಯಾಯದ ಕೊನೆಯಲ್ಲಿ ಪ್ರಶ್ನೆಗಳಿಗೆ ಉತ್ತರಿಸಿ, ನಿಗದಿತ ಅಂಕ ಗಳಿಸಿದರೆ ಪ್ರಮಾಣಪತ್ರ ಬರುತ್ತದೆ. ವಿಶ್ವವಿದ್ಯಾಲಯವೇ ಚಂದಾ ಕಟ್ಟಿರುವುದರಿಂದ ನಮಗೆ ಖರ್ಚಿಲ್ಲ. ಇದನ್ನು ಮುಗಿಸಿದರೆ ಸಾಕೆಂದು ಕ್ಲಿಕ್ಕಿಸುತ್ತ ಹೋಗುವವರೇ ಹೆಚ್ಚು. ಆದರೆ ಅದರಲ್ಲಿರುವ ಇತಿಹಾಸದ ಭಾಗವನ್ನು ನಿಧಾನವಾಗಿ ಓದುವುದು ಒಳ್ಳೆಯದು. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರಿ ಆರೋಗ್ಯ ಇಲಾಖೆಯೇ ಸಿಫಿಲಿಸ್ ಇದ್ದ ಬಡ ಕಪ್ಪುಜನರಿಗೆ ಚಿಕಿತ್ಸೆ ಕೊಡದೆ ರೋಗ ಹೇಗೆ ಬೆಳೆಯುತ್ತದೆಂದು ನೋಡುತ್ತ ಕುಳಿತಿತ್ತು. ಪೆನಿಸಿಲಿನ್ ಕೈಗೆಟುಕುವಂತಾದ ಮೇಲೂ ಅದನ್ನು ಅವರಿಗೆ ಕೊಡಲಿಲ್ಲ. ಆ ಹಗರಣ ಬಯಲಾದ ನಂತರ ಸಂಶೋಧನೆಗೆ ಒಳಗಾಗುವ ಮನುಷ್ಯರ ರಕ್ಷಣೆಗೆಂದು 1974ರಲ್ಲಿ ಕಾನೂನು ಬಂತು, 1979ರಲ್ಲಿ ಬೆಲ್ಮಾಂಟ್ ವರದಿ ಬಂತು. ನಾವು ತುಂಬುವ ಪ್ರತಿಯೊಂದು ಫಾರ್ಮಿನ ಹಿಂದೆಯೂ ಇದೇ ವರದಿಯ ಮೂರು ತತ್ತ್ವಗಳಿವೆ: ವ್ಯಕ್ತಿಗೆ ಗೌರವ, ಹಿತ, ನ್ಯಾಯ. ಈ ಹಿನ್ನೆಲೆ ಗೊತ್ತಿದ್ದರೆ ಮುಂದೆ ಸಮಿತಿಯವರು ಕೇಳುವ ಪ್ರಶ್ನೆಗಳು ಬರೀ ಕಿರಿಕಿರಿ ಅನ್ನಿಸುವುದಿಲ್ಲ. ಸ್ವಲ್ಪ ಕಿರಿಕಿರಿ ಅನ್ನಿಸಿಯೇ ಅನ್ನಿಸುತ್ತದೆ, ಅದು ಬೇರೆ ಮಾತು.

ಅರ್ಜಿಯಲ್ಲಿ ಮುಖ್ಯ ಸಂಶೋಧಕರ ಜಾಗಕ್ಕೆ ಮಾರ್ಗದರ್ಶಕರ ಹೆಸರನ್ನೇ ಹಾಕಬೇಕೆಂದು ನಮ್ಮ ವಿಶ್ವವಿದ್ಯಾಲಯದ ನಿಯಮ. ಅವರೂ ತರಬೇತಿ ಮುಗಿಸಿರಬೇಕು, ಅದರ ಅವಧಿ ಮೀರಿರಬಾರದು. ನನ್ನ ಅರ್ಜಿ ಮೊದಲು ನಿಂತದ್ದೇ ಇಲ್ಲಿ: ಮಾರ್ಗದರ್ಶಕರ ಪ್ರಮಾಣಪತ್ರಕ್ಕೆ ಮೂರು ವರ್ಷ ತುಂಬಿ ಹೋಗಿತ್ತು, ಅವರು ಬೇಸಿಗೆಯ ರಜೆಯಲ್ಲಿದ್ದರು. ಬೇಸಿಗೆಯಲ್ಲಿ ಅನೇಕ ಪ್ರಾಧ್ಯಾಪಕರಿಗೆ ಸಂಬಳವೂ ಇರುವುದಿಲ್ಲ, ಇಮೇಲ್‌ಗೆ ಉತ್ತರಿಸುವ ಬಾಧ್ಯತೆಯೂ ಇರುವುದಿಲ್ಲ. ಆದ್ದರಿಂದ ಅರ್ಜಿಯನ್ನು ಮಾರ್ಚ್ ಅಥವಾ ಏಪ್ರಿಲ್ ಹೊತ್ತಿಗೆ ಸಲ್ಲಿಸುವಂತೆ ಯೋಜಿಸಿಕೊಳ್ಳಿ. ಅರ್ಜಿಯೊಂದಿಗೆ ಸಂದರ್ಶನದ ಪ್ರಶ್ನೆಗಳು, ಒಪ್ಪಿಗೆ ಪತ್ರ, ಭಾಗವಹಿಸುವವರಿಗೆ ಕಳಿಸುವ ಇಮೇಲಿನ ಪದಪದವೂ, ಧ್ವನಿಮುದ್ರಣವನ್ನು ಎಲ್ಲಿಡುತ್ತೀರಿ, ಯಾವಾಗ ಅಳಿಸುತ್ತೀರಿ ಎಂಬ ವಿವರವೂ ಇರಬೇಕು.

ಸಂದರ್ಶನ ಆಧಾರಿತ ಅಧ್ಯಯನಗಳು ಸಾಮಾನ್ಯವಾಗಿ ವಿನಾಯಿತಿ ವರ್ಗಕ್ಕೆ ಬರುತ್ತವೆ. ಹಾಗೆಂದರೆ ಅರ್ಜಿಯೇ ಬೇಡವೆಂದು ಅರ್ಥವಲ್ಲ. ವಿನಾಯಿತಿ ಇದೆಯೇ ಇಲ್ಲವೇ ಎಂದು ತೀರ್ಮಾನಿಸುವವರು ಸಂಶೋಧಕರಲ್ಲ, ಕಚೇರಿಯವರು. 2018ರ ಪರಿಷ್ಕೃತ ಫೆಡರಲ್ ನಿಯಮದಲ್ಲಿ ಮೌಖಿಕ ಇತಿಹಾಸವನ್ನು ಈ ವ್ಯಾಪ್ತಿಯಿಂದ ಹೊರಗಿಟ್ಟಿದ್ದಾರೆ, ಹಾಗಾಗಿ ನಿನ್ನದೂ ಮೌಖಿಕ ಇತಿಹಾಸ ಎಂದು ಬರೆದುಬಿಡು ಎಂದು ಹಿರಿಯ ವಿದ್ಯಾರ್ಥಿಯೊಬ್ಬರು ಸಲಹೆ ಕೊಟ್ಟರು. ಹಾಗೆ ಮಾಡಲು ಬಯಸುವವರು ಕಚೇರಿಯಿಂದ ಆ ಮಾತನ್ನು ಪತ್ರರೂಪದಲ್ಲಿ ಪಡೆದುಕೊಳ್ಳಿ. ಪ್ರಬಂಧ ಒಪ್ಪಿಸುವ ದಿನ ಪದವಿ ವಿಭಾಗದವರು ಕೇಳುವುದು ಪತ್ರವನ್ನೇ.

ಕೆಲವು ವಾರಗಳ ನಂತರ ಅರ್ಜಿ ತಿದ್ದುಪಡಿಗಾಗಿ ಹಿಂದಿರುಗಿತು. ಕುಟುಂಬದವರು ಈ ದೇಶಕ್ಕೆ ಯಾವಾಗ, ಹೇಗೆ ಬಂದರು ಎಂಬ ನನ್ನ ಪ್ರಶ್ನೆಯ ಪಕ್ಕದಲ್ಲಿ ಪರಿಶೀಲಕರು ಬರೆದಿದ್ದ ಟಿಪ್ಪಣಿ ಸುಮಾರು ಹೀಗಿತ್ತು: ಉತ್ತರದಲ್ಲಿ ಮನೆಯವರೊಬ್ಬರಿಗೆ ಕಾಗದಪತ್ರ ಇಲ್ಲವೆಂಬ ಮಾತು ಬಂದರೆ ಏನು ಮಾಡುತ್ತೀರಿ? ನ್ಯಾಯಾಲಯ ಆ ಧ್ವನಿಮುದ್ರಣವನ್ನು ಕೇಳಿದರೆ ಏನು ಮಾಡುತ್ತೀರಿ? ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವ ನಾನೇ ನನ್ನ ಕಾಗದಪತ್ರಗಳನ್ನು ಎದೆಗವಚಿಕೊಂಡು ಓಡಾಡುವವರ ಪೈಕಿ; ಆದರೂ ಪ್ರಶ್ನೆಯನ್ನು ಆ ಕಡೆಯಿಂದ ನೋಡಿರಲಿಲ್ಲ. ವಲಸೆಯ ಸ್ಥಿತಿಗತಿಯ ಬಗ್ಗೆ ಏನನ್ನೂ ಕೇಳುವುದಿಲ್ಲ, ತಾನಾಗಿ ಆ ಮಾತು ಬಂದರೆ ರೆಕಾರ್ಡರ್ ನಿಲ್ಲಿಸುತ್ತೇನೆ, ಬಂದುಹೋದ ಭಾಗವನ್ನು ಬರಹಕ್ಕಿಳಿಸುವ ಮೊದಲೇ ಅಳಿಸುತ್ತೇನೆ ಎಂದು ಬರೆದುಕೊಟ್ಟೆ. ಅದರ ಮೇಲೆ ಅನುಮತಿಯ ಇಮೇಲ್ ಬಂತು. ಎರಡು ಸಾಲಿನ ಆ ಪತ್ರಕ್ಕಾಗಿ ಒಂದು ಇಡೀ ಬೇಸಿಗೆಯನ್ನು ಕಳೆದದ್ದು ನೆನೆದು ಸಂತೋಷಕ್ಕಿಂತ ಸುಸ್ತೇ ಹೆಚ್ಚಾಯಿತು.

ಆಕೆಯ ಪರಿಚಯವಾದದ್ದು ಇನ್ನೊಬ್ಬ ವಿದ್ಯಾರ್ಥಿನಿಯ ಮೂಲಕ. ಮೊದಲ ಭೇಟಿಯಲ್ಲಿ ಒಪ್ಪಿಗೆ ಪತ್ರ ಮುಂದಿಟ್ಟಾಗ ಉಳಿದವರೆಲ್ಲ ಕೊನೆಯ ಪುಟ ತಿರುವಿ ಸಹಿ ಹಾಕಿದ್ದರೆ, ಆಕೆ ಪೆನ್ನು ತೆಗೆದು ಮೊದಲ ಸಾಲಿನಿಂದ ಓದತೊಡಗಿದಳು. ಕಾಫಿ ಆರಿತು. ನನಗೆ ಒಳಗೊಳಗೇ ಚಡಪಡಿಕೆ. ಓದಿ ಮುಗಿಸಿದ ಮೇಲೆ ಆಕೆಯೇ ಕಾರಣ ಹೇಳಿದಳು. 1960ರ ದಶಕದ ಕೊನೆಯಲ್ಲಿ ಮತ್ತು 70ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸ್‌ನ ಕೌಂಟಿ ಆಸ್ಪತ್ರೆಯಲ್ಲಿ ಹೆರಿಗೆ ನೋವಿನಲ್ಲಿದ್ದ ಮೆಕ್ಸಿಕನ್ ಮೂಲದ ಹೆಂಗಸರಿಂದ ಇಂಗ್ಲಿಷ್ ಫಾರ್ಮುಗಳಿಗೆ ಸಹಿ ಹಾಕಿಸಿಕೊಂಡು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದ್ದರು. ಅವರಲ್ಲಿ ಹತ್ತು ಮಂದಿ ಹೂಡಿದ ಮ್ಯಾಡ್ರಿಗಲ್ ಮೊಕದ್ದಮೆಯಲ್ಲಿ 1978ರಲ್ಲಿ ತೀರ್ಪು ವೈದ್ಯರ ಪರವಾಗಿಯೇ ಬಂತು. ಆದರೂ ಫೆಡರಲ್ ಹಣದಿಂದ ನಡೆಯುವ ಇಂಥ ಶಸ್ತ್ರಚಿಕಿತ್ಸೆಗೆ ಸಹಿ ಹಾಕಿದ ಮೇಲೆ 30 ದಿನ ಕಾಯಬೇಕೆಂಬ ನಿಯಮ ಜಾರಿಗೆ ಬಂದದ್ದು ಅದೇ ಕಾಲದಲ್ಲಿ, ಅಂಥದೇ ಹೋರಾಟಗಳ ಒತ್ತಡದಿಂದ. "ನಮ್ಮ ಮನೆಯಲ್ಲಿ ಯಾರಿಗೂ ಹಾಗಾಗಿಲ್ಲ. ಆದರೆ ನಾನು ಓದುವ ಇತಿಹಾಸದಲ್ಲಿ ಆಗಿದೆ. ಹಾಗಾಗಿ ಓದದೆ ಸಹಿ ಹಾಕುವುದಿಲ್ಲ" ಎಂದಳು. ನನ್ನ ತರಬೇತಿಯ ಪಾಠದಲ್ಲಿ ಟಸ್ಕೀಗಿ ಇತ್ತು, ಇದು ಇರಲಿಲ್ಲ. ಭಾಗವಹಿಸುವವರು ಪತ್ರ ಓದಲು ಎಷ್ಟು ಹೊತ್ತು ತೆಗೆದುಕೊಂಡರೂ ಬಿಡಿ. ಆ ಹೊತ್ತನ್ನೂ ಸಂದರ್ಶನದ ಅವಧಿಯಲ್ಲಿ ಸೇರಿಸಿಯೇ ಸಮಯ ಗೊತ್ತುಮಾಡಿಕೊಳ್ಳಿ.

ಪತ್ರ ಓದಿದ ಮೇಲೆ ಆಕೆ ಒಂದು ಷರತ್ತು ಹಾಕಿದಳು. 2020ರ ಜನಗಣತಿಯ ಪ್ರಕಾರ ಈ ದೇಶದಲ್ಲಿ ತನ್ನಂಥವರೆಂದು ಲೆಕ್ಕಕ್ಕೆ ಸಿಗುವವರು 6.21 ಕೋಟಿ; ತನ್ನ ಮಾತಿನ ಕೆಳಗೆ ಅಷ್ಟೂ ಜನರ ಅಭಿಪ್ರಾಯವೆಂದು ಬರೆಯಕೂಡದು ಎಂಬುದೇ ಆ ಷರತ್ತು. ವೈಯಕ್ತಿಕ ವಿವರದ ಹಾಳೆಯಲ್ಲಿ ನಾನು ಕೊಟ್ಟಿದ್ದ ಚೌಕಗಳಲ್ಲಿ ಯಾವುದಕ್ಕೂ ಗುರುತು ಹಾಕದೆ ಪಕ್ಕದ ಖಾಲಿ ಜಾಗದಲ್ಲಿ ತೆಹಾನಾ ಎಂದು, ಅಂದರೆ ಮೆಕ್ಸಿಕನ್ ಮೂಲದ ಟೆಕ್ಸಾಸಿನವಳೆಂದು, ಬರೆದಳು. ಆಕೆಯ ತಾಯಿಯ ಕಡೆಯವರು, ಅಮೆರಿಕ-ಮೆಕ್ಸಿಕೊ ಯುದ್ಧವನ್ನು ಮುಗಿಸಿ ಈ ನದಿಯನ್ನು ಗಡಿಯಾಗಿಸಿದ 1848ರ ಒಪ್ಪಂದಕ್ಕೂ ಮೊದಲಿನಿಂದ, ರಿಯೊ ಗ್ರಾಂಡೆ ನದಿಯ ಉತ್ತರ ದಡದಲ್ಲಿಯೇ ಇದ್ದವರು. ತಂದೆಯ ತಾಯಿ ಮಾತ್ರ ಮೆಕ್ಸಿಕೊದ ನುಯೆವೊ ಲಿಯೋನ್ ಪ್ರಾಂತದಿಂದ ಬಂದವರು. ಚೌಕಗಳನ್ನು ಕೊಡುವ ಫಾರ್ಮು ಮಾಡುವಾಗ ಕೊನೆಯಲ್ಲಿ ಒಂದು ಖಾಲಿ ಗೆರೆ ಬಿಡಿ.

ಮೊದಲ ಸಂದರ್ಶನ ಭಾಷೆಯಿಂದ ಶುರುವಾಯಿತು. ಟೆಕ್ಸಾಸ್‌ನಲ್ಲಿ 1918ರ ಕಾನೂನಿನಿಂದ ಶಾಲೆಯ ಪಾಠ ಇಂಗ್ಲಿಷಿನಲ್ಲಿಯೇ ನಡೆಯಬೇಕಾಗಿತ್ತು. 1969ರವರೆಗೆ ಇದು ಸಡಿಲವಾಗಲಿಲ್ಲ. ಆಕೆಯ ತಾಯಿಯ ತಂದೆ ಆಟದ ಬಯಲಿನಲ್ಲಿ ಸ್ಪ್ಯಾನಿಷ್ ಮಾತನಾಡಿದ್ದಕ್ಕೆ ಮರದ ಹಲಗೆಯಿಂದ ಏಟು ತಿಂದವರು, ಆದ್ದರಿಂದ ತಮ್ಮ ಮಕ್ಕಳೊಡನೆ ಇಂಗ್ಲಿಷ್ ಬಿಟ್ಟು ಮಾತನಾಡಲೇ ಇಲ್ಲ. ತಂದೆಯ ಕಡೆಯ ಅಜ್ಜಿಗೋ ಇಂಗ್ಲಿಷ್ ಬರುವುದಿಲ್ಲ. ಹೀಗಾಗಿ ಎಂಟು ವರ್ಷದ ಹುಡುಗಿಯಾಗಿದ್ದಾಗಲೇ ಅಜ್ಜಿಯ ಜತೆ ಕ್ಲಿನಿಕ್ಕಿಗೆ ಹೋಗಿ ವೈದ್ಯರ ಮಾತನ್ನು ಅರೆಬರೆ ಸ್ಪ್ಯಾನಿಷಿನಲ್ಲಿ ತಿಳಿಸುವ ಕೆಲಸ ಆಕೆಯದಾಗಿತ್ತು. ಇಂಥ ಬಾಲ್ಯವನ್ನು ತ್ಯಾಗವೆಂದು ಹೊಗಳುವವರನ್ನೂ ಶೋಷಣೆಯೆಂದು ಮರುಗುವವರನ್ನೂ ಆಕೆ ಒಪ್ಪುವುದಿಲ್ಲ. ಬ್ಯಾಂಕಿಗೆ, ಬಾಡಿಗೆ ಮನೆಯ ಮಾಲೀಕರ ಬಳಿಗೆ ಮಗುವನ್ನು ಕರೆದೊಯ್ಯಲಿ, ಅದರಿಂದ ಲೋಕಜ್ಞಾನ ಬರುತ್ತದೆ. ಆದರೆ ಅಜ್ಜಿಯ ಗಡ್ಡೆ ಕ್ಯಾನ್ಸರೋ ಅಲ್ಲವೋ ಎಂದು ಮೊಮ್ಮಗಳ ಬಾಯಿಂದ ಹೇಳಿಸಬಾರದು ಎಂಬುದು ಆಕೆಯ ನಿಲುವು. ಈಗ ವಿಶ್ವವಿದ್ಯಾಲಯದಲ್ಲಿ ಮೆಕ್ಸಿಕೊ ನಗರದಿಂದ ಬಂದ ಸಹಪಾಠಿಗಳು ಆಕೆಯ ಸ್ಪ್ಯಾನಿಷನ್ನು ತಿದ್ದುತ್ತಾರಂತೆ. ತಿದ್ದಿದ್ದನ್ನು ಕಲಿಯುತ್ತೇನೆ, ಕ್ಷಮೆ ಕೇಳುವುದಿಲ್ಲ ಎಂದಳು.

ಊಟದ ವಿಷಯದಲ್ಲಿಯೂ ಇದೇ ಧಾಟಿ. ಮೈದಾದ ತೆಳು ರೊಟ್ಟಿ, ಅಂದರೆ ಮೈದಾ ತೋರ್ತಿಯಾ, ನಿಜವಾದ ಮೆಕ್ಸಿಕನ್ ಆಹಾರವಲ್ಲ ಎನ್ನುವವರ ಮೇಲೆ ಆಕೆಗೆ ವಿಶೇಷ ಸಿಟ್ಟು, ಏಕೆಂದರೆ ಉತ್ತರ ಮೆಕ್ಸಿಕೊ ಗೋಧಿಯ ಸೀಮೆ, ಅಲ್ಲಿನ ಅಡುಗೆಮನೆಯಲ್ಲಿ ಅದು ಶತಮಾನಗಳಿಂದಲೂ ಇದೆ. ತೀರಿಹೋದವರನ್ನು ನೆನೆಯುವ ಮೆಕ್ಸಿಕನ್ ಹಬ್ಬವಾದ ಮೃತರ ದಿನದ ಬಗ್ಗೆ ಕೇಳಿದಾಗ ಬಂದ ಉತ್ತರ ನನ್ನ ಪ್ರಬಂಧದ ಒಂದು ಅಧ್ಯಾಯವನ್ನೇ ಬದಲಿಸಿತು. ಅವರ ಮನೆಯಲ್ಲಿ ಹಿರಿಯರ ಫೋಟೊ, ಚೆಂಡುಹೂವು, ಮೇಣದಬತ್ತಿಗಳ ಪೀಠ ಇಡುವ ರೂಢಿಯೇ ಇರಲಿಲ್ಲ. ನವೆಂಬರ್ 2ರಂದು ಸಮಾಧಿಗೆ ಹೋಗಿ ಕಳೆ ಕಿತ್ತು, ಕಲ್ಲು ತೊಳೆದು ಬರುತ್ತಿದ್ದರು, ಅಷ್ಟೇ. ಪೀಠ ಕಟ್ಟುವುದನ್ನು ಆಕೆ ಕಲಿತದ್ದು ಶಾಲೆಯ ಚಿತ್ರಕಲಾ ತರಗತಿಯಲ್ಲಿ. ಈಗ ಪ್ರತಿವರ್ಷ ಕಟ್ಟುತ್ತಾಳೆ. ತಡವಾಗಿ ಕಲಿತದ್ದೆಂಬ ಕಾರಣಕ್ಕೆ ಅದು ಸುಳ್ಳಾಗುವುದಿಲ್ಲ, ಅಂಗಡಿಗಳಲ್ಲಿ ಸಕ್ಕರೆಯ ತಲೆಬುರುಡೆ ಮಾರುತ್ತಾರೆಂಬ ಕಾರಣಕ್ಕೂ ಸುಳ್ಳಾಗುವುದಿಲ್ಲ ಎಂಬುದು ಆಕೆಯ ವಾದ.

ಸಂದರ್ಶನ ಮುಗಿಯುವ ಹೊತ್ತಿಗೆ ಆಕೆಯೇ ಒಂದು ಪ್ರಶ್ನೆ ಹಾಕಿದಳು. "ನೀನು ದಿನನಿತ್ಯದ ಬದುಕು ಅಂತ ಬರೆದಿದ್ದೀಯ. ಹಬ್ಬ ಕೇಳಿದೆ, ಊಟ ಕೇಳಿದೆ, ಅಜ್ಜಿ ಕೇಳಿದೆ. ಬಾಡಿಗೆ ಕೇಳಲಿಲ್ಲವಲ್ಲ?" ಹಣದ ಪ್ರಶ್ನೆಗಳು ನಾನು ಅನುಮತಿ ಪಡೆದ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿಯಲ್ಲಿಲ್ಲದ ಹೊಸ ವಿಷಯವನ್ನು ಕೇಳಬೇಕಾದರೆ ಮೊದಲು ತಿದ್ದುಪಡಿ ಅರ್ಜಿ ಹಾಕಬೇಕು. ಇದು ಎಲ್ಲರೂ ಗಮನಿಸಬೇಕಾದ ಸಂಗತಿ: ಸಂದರ್ಶನದ ಸ್ಥಳ, ಪ್ರಶ್ನೆ, ಗೌರವಧನದ ಮೊತ್ತ, ಯಾವುದು ಬದಲಾದರೂ ಬದಲಾವಣೆಗೆ ಮುಂಚೆ ಕಚೇರಿಗೆ ತಿಳಿಸಬೇಕೋ ಬೇಡವೋ ಎಂದು ಕೇಳಿಕೊಳ್ಳಿ. ನಮ್ಮಲ್ಲಿ ತಿಳಿಸಲೇಬೇಕಿತ್ತು. ಮತ್ತೆ ಕಾಯುವುದು.

ಆ ನಡುವೆ ಡಿಸೆಂಬರ್ ಬಂತು. ಕ್ರಿಸ್‌ಮಸ್‌ಗೆ ಮೊದಲು ಗಡಿಯ ಹತ್ತಿರ ರಿಯೊ ಗ್ರಾಂಡೆ ಕಣಿವೆಯಲ್ಲಿರುವ ಅಜ್ಜಿಯ ಮನೆಯಲ್ಲಿ ಎಲ್ಲರೂ ಸೇರಿ ತಮಾಲೆ ಮಾಡುತ್ತಾರೆ, ಬಾ ಎಂದು ಕರೆದಳು. ಇಲ್ಲಿ ವಿದೇಶಿ ವಿದ್ಯಾರ್ಥಿಗಳಿಗೊಂದು ಎಚ್ಚರಿಕೆ. ಕಣಿವೆಯಿಂದ ಉತ್ತರಕ್ಕೆ ಹಿಂದಿರುಗುವಾಗ 281ನೇ ಹೆದ್ದಾರಿಯಲ್ಲಿ ಫಾಲ್ಫೂರಿಯಸ್ ಬಳಿ, ಗಡಿಯಿಂದ ಸುಮಾರು 70 ಮೈಲಿ ಒಳಗೆ, ಗಡಿ ಗಸ್ತು ಪಡೆಯ ತಪಾಸಣಾ ಠಾಣೆ ಇದೆ. ದೇಶ ಬಿಟ್ಟು ಹೊರಗೆ ಹೋಗದಿದ್ದರೂ ಪಾಸ್‌ಪೋರ್ಟ್, ದೇಶದೊಳಗೆ ಬಂದ ದಾಖಲೆಯಾದ ಐ-94, ವಿಶ್ವವಿದ್ಯಾಲಯ ಕೊಡುವ ಐ-20 ಮೂರೂ ಕೈಯಲ್ಲಿರಲಿ. ಫೋನಿನಲ್ಲಿರುವ ಚಿತ್ರವನ್ನು ನಂಬಿ ಹೊರಡಬೇಡಿ. ಕಾರಿನಲ್ಲಿ ಆಕೆಗೆ ಕೇಳಿದ್ದು ಅಮೆರಿಕದ ಪ್ರಜೆಯೇ ಎಂಬ ಒಂದೇ ಪ್ರಶ್ನೆ, ನನಗೆ ಕೇಳಿದ್ದು ಹಲವು. ಠಾಣೆ ದಾಟಿದ ಮೇಲೆ ಆಕೆ ಹೇಳಿದ್ದು, ಹುಟ್ಟಿದಂದಿನಿಂದ ತನ್ನದೇ ನೆಲದಲ್ಲಿ ಅಜ್ಜಿಯ ಮನೆಗೆ ಹೋಗಿ ಬಂದಾಗಲೆಲ್ಲ ಈ ಪ್ರಶ್ನೆಗೆ ಹೌದು ಎನ್ನುತ್ತಿದ್ದೇನೆ, ಇದು ದಿನನಿತ್ಯದ ಬದುಕಲ್ಲವೇ ಎಂದು. ಆಮೇಲೆ ಆಕೆಯ ಅನುಮತಿ ಕೇಳಿ ಬರೆದುಕೊಂಡೆ.

ಅಜ್ಜಿಯ ಅಡುಗೆಮನೆಯಲ್ಲಿ ಹಿಂದಿನ ರಾತ್ರಿಯೇ ಬಿಸಿನೀರಿನಲ್ಲಿ ನೆನೆಹಾಕಿದ ಮೆಕ್ಕೆಜೋಳದ ಸಿಪ್ಪೆಗಳನ್ನು ಹಿಂಡಿ ಒರೆಸಿ ಒಬ್ಬರು ಕೊಡುತ್ತಿದ್ದರೆ, ಇನ್ನೊಬ್ಬರು ಅದರ ನುಣುಪಾದ ಮೈಗೆ ಚಮಚದ ಬೆನ್ನಿನಿಂದ ಹಿಟ್ಟು ಸವರುತ್ತಿದ್ದರು, ಮೂರನೆಯವರು ಮೆಣಸಿನಕಾಯಿಯ ಕೆಂಪು ಗೊಜ್ಜಿನಲ್ಲಿ ಬೆಂದ ಹಂದಿಮಾಂಸ ಇಟ್ಟು ಮಡಚುತ್ತಿದ್ದರು. ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ಈ ತಿಂಡಿ ನಮ್ಮ ಕರಾವಳಿಯ ಕೊಟ್ಟೆ ಕಡುಬಿನ ದೂರದ ನೆಂಟನಂತಿದೆ. ಹಾವೇರಿ ಕಡೆಯಿಂದ ಬಂದ ನನಗೆ ಮೆಕ್ಕೆಜೋಳವೆಂದರೆ ಲಾರಿ ತುಂಬಿ ಕೋಳಿ ಆಹಾರದ ಕಾರ್ಖಾನೆಗೆ ಹೋಗುವ ಮಾಲು. ಅಲ್ಲಿ ಅದನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ತೊಳೆದು, ರುಬ್ಬುತ್ತಾರೆ. ಹಾಗೆ ಮಾಡುವುದರಿಂದಲೇ ಅದರಲ್ಲಿರುವ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ಸಿಗುವುದು. ಸಿಪ್ಪೆಯ ಯಾವ ಮೈಗೆ ಹಿಟ್ಟು ಸವರಬೇಕೆಂದು ಅಜ್ಜಿ ನನ್ನ ಕೈ ಹಿಡಿದು ತೋರಿಸುತ್ತ ಮಾತಿಗೆ ಶುರುಮಾಡಿದರು. ಮೊಮ್ಮಗಳು ಅನುವಾದಿಸುತ್ತಿದ್ದಳು. ಸಂಶೋಧಕರ ಪಾಲಿಗೆ ಚಿನ್ನದಂಥ ಮಾತುಗಳು. ಆದರೆ ಅಜ್ಜಿ ನನ್ನ ಅನುಮತಿಯ ವ್ಯಾಪ್ತಿಯಲ್ಲಿರಲಿಲ್ಲ, ರೆಕಾರ್ಡರ್ ಚೀಲದಿಂದ ಹೊರಗೆ ಬರುವಂತಿರಲಿಲ್ಲ. ಅವರು ಹೇಳಿದ್ದು ಪ್ರಬಂಧದಲ್ಲಿಲ್ಲ, ಇಲ್ಲಿಯೂ ಇಲ್ಲ.

ತಿದ್ದುಪಡಿಗೆ ಅಜ್ಜಿಯನ್ನೂ ಸೇರಿಸೋಣವೆಂದು ಹೊರಟಾಗ ಖರ್ಚು ಶುರುವಾಯಿತು. ಒಪ್ಪಿಗೆ ಪತ್ರದ ಸ್ಪ್ಯಾನಿಷ್ ಅನುವಾದ ಬೇಕು, ಅದನ್ನು ಮಾಡಿದವರ ಅರ್ಹತೆಯ ಬಗ್ಗೆ ಹೇಳಿಕೆ ಬೇಕು. ಮೊಮ್ಮಗಳು ಮಾಡಿದರೆ ನಡೆಯುವುದಿಲ್ಲ. ಪುಟದ ಲೆಕ್ಕದಲ್ಲಿ ಹಣ ತೆಗೆದುಕೊಳ್ಳುವ ಅನುವಾದಕರಿಗೆ ನನ್ನ ಕಿಸೆಯಿಂದಲೇ ಕೊಟ್ಟೆ, ವಿಭಾಗದ ಅನುದಾನ ಆ ವರ್ಷಕ್ಕೆ ಮುಗಿದಿತ್ತು. ನಿಮ್ಮ ಅಧ್ಯಯನದಲ್ಲಿ ಮನೆಯ ಹಿರಿಯರು ಬರುವ ಸಂಭವವಿದ್ದರೆ ಮೊದಲ ಅರ್ಜಿಯಲ್ಲಿಯೇ ಎರಡೂ ಭಾಷೆಯ ಪತ್ರಗಳನ್ನು ಸೇರಿಸಿ, ಜತೆಗೆ ಸಹಿಯ ಬದಲು ಬಾಯಿಮಾತಿನ ಒಪ್ಪಿಗೆಗೂ ಅವಕಾಶ ಕೇಳಿ. ಎಲ್ಲ ಆಗಿ ಅನುಮತಿ ಬರುವ ಹೊತ್ತಿಗೆ ಅಜ್ಜಿ ಮೊಮ್ಮಗಳ ಕೈಲಿ ಹೇಳಿಕಳಿಸಿದರು: ಹೇಳಬೇಕಾದದ್ದನ್ನು ಅವತ್ತೇ ಹೇಳಿದ್ದೇನೆ. ಅಲ್ಲಿಗೆ ಆ ಅಧ್ಯಾಯ ಮುಗಿಯಿತು.

ಹಣದ ಮಾತಿನ ಎರಡನೆಯ ಸಂದರ್ಶನ ಮೊದಲನೆಯದಕ್ಕಿಂತ ಗಟ್ಟಿಯಾಗಿತ್ತು. ಆಕೆಗೆ ಸ್ಟೈಪೆಂಡ್ ಬರುವುದು ವರ್ಷಕ್ಕೆ ಒಂಬತ್ತು ತಿಂಗಳು. ಅದರಲ್ಲಿಯೇ ತಾಯಿಯ ಮನೆಯ ಕರೆಂಟು ಬಿಲ್ಲು ಆಕೆ ಕಟ್ಟುತ್ತಾಳೆ. ಓದುವ ಕಾಲದಲ್ಲಿ ಮನೆಯವರಿಂದ ಸ್ವಲ್ಪ ದೂರ ಇರಬೇಕು, ಶನಿವಾರಗಳನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕು ಎಂದು ಬುದ್ಧಿ ಹೇಳುವವರು ಆಕೆಗೆ ಬೇಕಾದಷ್ಟಿದ್ದಾರೆ. ಸೋದರಸಂಬಂಧಿಯ ಹದಿನೈದನೆಯ ಹುಟ್ಟುಹಬ್ಬದ ಕಿನ್ಸೆಯಾನೆರಾ ಸಮಾರಂಭಕ್ಕೆ ಕೇಕಿನ ಖರ್ಚು ವಹಿಸಿಕೊಂಡಾಗಲೂ ಸಹಪಾಠಿಗಳು ಹುಬ್ಬೇರಿಸಿದರಂತೆ. ಆ ಪದ್ಧತಿಯಲ್ಲಿ ಒಬ್ಬರು ಬಟ್ಟೆಗೆ, ಒಬ್ಬರು ಕೇಕಿಗೆ, ಒಬ್ಬರು ಸಂಗೀತಕ್ಕೆ ಎಂದು ನೆಂಟರು ಧರ್ಮಮಾತಾಪಿತರ ಸ್ಥಾನದಲ್ಲಿ ನಿಂತು ಖರ್ಚು ಹಂಚಿಕೊಳ್ಳುತ್ತಾರೆ. "ನಾನು ಕಾಲೇಜಿಗೆ ಸೇರಿದಾಗ ಪುಸ್ತಕ, ಲ್ಯಾಪ್‌ಟಾಪ್ ಎಲ್ಲಾ ಹೀಗೇ ಬಂದದ್ದು. ಆಗ ಅದನ್ನು ಯಾರೂ ದುಂದುವೆಚ್ಚ ಅನ್ನಲಿಲ್ಲ" ಎಂದಳು. ಮನೆಗೆ ಹಣ ಕಳಿಸುವುದನ್ನು ದೌರ್ಬಲ್ಯವೆಂದು ನೋಡುವ ಕ್ಯಾಂಪಸ್ಸಿನ ಸಲಹಾ ಕಾರ್ಯಾಗಾರಗಳಲ್ಲಿ ನಾನೂ ಕುಳಿತವನಾದ್ದರಿಂದ ಈ ಭಾಗವನ್ನು ಬರೆಯುವಾಗ ನನ್ನ ಒಲವು ಎತ್ತ ಕಡೆಗಿದೆಯೆಂದು ಪ್ರಬಂಧದಲ್ಲಿಯೇ ಹೇಳಿಬಿಟ್ಟೆ.

ಧ್ವನಿಯನ್ನು ಬರಹಕ್ಕಿಳಿಸುವ ಕೆಲಸವನ್ನು ಕಡಿಮೆ ಅಂದಾಜು ಮಾಡಬೇಡಿ. ಒಂದು ವಾಕ್ಯದಲ್ಲಿಯೇ ಇಂಗ್ಲಿಷಿನಿಂದ ಸ್ಪ್ಯಾನಿಷಿಗೆ ಹೋಗಿ ಹಿಂದಿರುಗುವ ಮಾತು ಸಾಫ್ಟ್‌ವೇರಿಗೆ ದಕ್ಕಲಿಲ್ಲ. ಅಜ್ಜಿಯ ಅಡುಗೆಯ ಬಗ್ಗೆ ಆಕೆ ಹೇಳಿದ ವಿವರವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಪದಗಳಾಗಿ ಹೊರಬಿತ್ತು. ಕೈಯಿಂದಲೇ ಮಾಡಿದರೆ ಒಂದು ಗಂಟೆಯ ಮಾತಿಗೆ ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಬರಹವನ್ನು ಆಕೆಗೆ ಕಳಿಸಿದೆ. ಹಿಂದಿರುಗಿ ಬಂದ ಪ್ರತಿಯಲ್ಲಿ ಅಣ್ಣನ ಕುರಿತ ಪುಟ ಪೂರ್ತಿ ಕೆಂಪು ಗೆರೆಯಲ್ಲಿ ಹೊಡೆದುಹಾಕಿತ್ತು, ಕಾರಣ ಬರೆದಿರಲಿಲ್ಲ. ನಾನೂ ಕೇಳಲಿಲ್ಲ. ಸಮಿತಿ ಒಮ್ಮೆ ಕೊಟ್ಟ ಅನುಮತಿಯನ್ನು ಇಟ್ಟುಕೊಂಡು ಆ ಪುಟವನ್ನು ಬಳಸಿದ್ದರೆ ನಿಯಮದ ಪ್ರಕಾರ ತಪ್ಪಾಗುತ್ತಿರಲಿಲ್ಲವೆಂದು ಕೆಲವರು ವಾದಿಸಿಯಾರು. ನನ್ನ ಮಟ್ಟಿಗೆ ಸಹಿ ಹಾಕಿದ ದಿನದ ಒಪ್ಪಿಗೆ ಆ ದಿನದ್ದು, ಓದಿ ನೋಡಿದ ಮೇಲಿನ ಒಪ್ಪಿಗೆಯೇ ಲೆಕ್ಕಕ್ಕೆ ಬರುವುದು.

ಕೊನೆಯ ತೊಡಕು 25 ಡಾಲರಿನ ಗಿಫ್ಟ್ ಕಾರ್ಡಿನದು. ಒಪ್ಪಿಗೆ ಪತ್ರದಲ್ಲಿ ಹೆಸರು ಎಲ್ಲಿಯೂ ದಾಖಲಾಗುವುದಿಲ್ಲವೆಂದು ಬರೆದಿದ್ದೇನೆ. ಲೆಕ್ಕಪತ್ರ ವಿಭಾಗದವರಿಗೆ ಕಾರ್ಡು ಪಡೆದವರ ಹೆಸರು ಮತ್ತು ಸಹಿ ಬೇಕು. ಎರಡು ಕಚೇರಿಗಳ ನಡುವೆ ಇಮೇಲುಗಳು ಓಡಾಡಿ, ಸಣ್ಣ ಮೊತ್ತವಾದ್ದರಿಂದ ಸಂಕೇತ ಸಂಖ್ಯೆಯ ರಸೀದಿ ಸಾಕು, ಹೆಸರಿನ ಪಟ್ಟಿ ಮಾರ್ಗದರ್ಶಕರ ಬಳಿ ಬೀಗದೊಳಗಿರಲಿ ಎಂದು ತೀರ್ಮಾನವಾಯಿತು. ಈ ಪ್ರಶ್ನೆಯನ್ನು ಒಪ್ಪಿಗೆ ಪತ್ರ ಬರೆಯುವ ಮೊದಲೇ ಲೆಕ್ಕಪತ್ರ ವಿಭಾಗಕ್ಕೆ ಕೇಳಿ. ಇನ್ನೂ ಒಂದು: ಭಾಗವಹಿಸುವವರು ನಮ್ಮಂತೆ ವಿದೇಶಿಯರಾಗಿದ್ದರೆ ಗೌರವಧನಕ್ಕೆ ಬೇರೆ ತೆರಿಗೆ ನಿಯಮಗಳು ಅನ್ವಯಿಸುತ್ತವೆ.

ಪ್ರಬಂಧ ಒಪ್ಪಿಸಿದ ಮೇಲೆ ಅಧ್ಯಯನ ಮುಕ್ತಾಯದ ವರದಿ ಸಲ್ಲಿಸಬೇಕು. ಒಪ್ಪಿಗೆ ಪತ್ರಗಳನ್ನು ಅಧ್ಯಯನ ಮುಗಿದ ಮೇಲೆ ಕನಿಷ್ಠ ಮೂರು ವರ್ಷ ಇಡಬೇಕೆಂಬುದು ಫೆಡರಲ್ ನಿಯಮ. ನಾನು ಊರು ಬಿಡುವವನಾದ್ದರಿಂದ ಅವು ಮಾರ್ಗದರ್ಶಕರ ಕಪಾಟಿಗೆ ಹೋದವು, ಧ್ವನಿಮುದ್ರಣಗಳನ್ನು ಬರೆದುಕೊಟ್ಟ ದಿನಾಂಕದೊಳಗೆ ಅಳಿಸಿದೆ. ವರದಿ ಸಲ್ಲಿಸದೆ ಪದವಿ ಪಡೆದು ಹೊರಟುಹೋದವರ ಕಡತಗಳು ತೆರೆದೇ ಉಳಿದು, ಜ್ಞಾಪನೆಯ ಪತ್ರಗಳು ಮಾರ್ಗದರ್ಶಕರಿಗೆ ಬರುತ್ತವೆ. ವಿಶ್ವವಿದ್ಯಾಲಯದ ಇಮೇಲ್ ಖಾತೆ ಮುಚ್ಚುವ ಮೊದಲೇ ಆ ಫಾರ್ಮನ್ನು ತುಂಬಿಬಿಡಿ.